ಜಿಂಕೆ ತಿನ್ನುವ ಸಿಂಹ ಡಮಾಸ್ಕಸ್ ಮಸೀದಿಯದ್ದಲ್ಲ: ಒಂದು ಸ್ಪಷ್ಟನೆ

ಹಣ್ಣು ತುಂಬಿದ ದೊಡ್ಡ ಮರ, ಎಡಕ್ಕೆ ಎಲೆ ಮೇಯುವ ಎರಡು ಜಿಂಕೆ, ಬಲಕ್ಕೆ ಮತ್ತೊಂದು ಜಿಂಕೆಯ ಮೇಲೆ ಎರಗಿದ ಸಿಂಹ. ಈ ಫೋಟೋಗೆ ಹೋದ ವಾರ ನಾನೇ 'ಡಮಾಸ್ಕಸ್ ದೊಡ್ಡ ಮಸೀದಿಯ ಗೋಡೆಯ ಮೊಸಾಯಿಕ್' (ಕಲ್ಲು, ಗಾಜಿನ ಚೂರು ಜೋಡಿಸಿ ಮಾಡಿದ ಚಿತ್ರ) ಅಂತ ಬರೆದು ಹಾಕಿದ್ದೆ. ಅದು ತಪ್ಪು. ಈಗ ಅದೇ ಸಾಲು 'ಮಸೀದಿ ಗೋಡೆಯಲ್ಲೇ ಪ್ರಾಣಿಗಳು!' ಎಂಬ ಬಾಲ ಸೇರಿಸಿಕೊಂಡು ಓಡಾಡುತ್ತಿದೆ.

ಇದು ಪ್ಯಾಲೆಸ್ಟೀನಿನ ಜೆರಿಕೊ ಊರಿನ ಹತ್ತಿರದ ಖಿರ್ಬತ್ ಅಲ್ ಮಫ್ಜರ್‌ನದು. 8ನೇ ಶತಮಾನದ, ಉಮಯ್ಯದ್ ಎಂಬ ಖಲೀಫರ ಮನೆತನದ ಅರಮನೆ. ಚಿತ್ರ ಇರುವುದು ಗೋಡೆಯಲ್ಲಲ್ಲ, ಸ್ನಾನಗೃಹಕ್ಕೆ ಅಂಟಿಕೊಂಡ ಪುಟ್ಟ ಕೋಣೆಯ ನೆಲದಲ್ಲಿ. ಫೋಟೋದ ಅಂಚು ದೊಡ್ಡದು ಮಾಡಿ ನೋಡಿ, ಜಮಖಾನೆಗೆ ಇರುವಂಥ ಕುಚ್ಚುಗಳು ಕಾಣುತ್ತವೆ. ನೆಲಕ್ಕೆ ಕಲ್ಲಿನದೇ ಹಾಸು ಹಾಸಿದ ಹಾಗೆ! ನಾನು ಇದನ್ನೇ ಗಮನಿಸಿರಲಿಲ್ಲ.

ಡಮಾಸ್ಕಸ್ ಮಸೀದಿಯನ್ನು ಕಟ್ಟಿಸಿದ್ದು ಖಲೀಫ ಒಂದನೇ ವಲೀದ್, 715ರ ಹೊತ್ತಿಗೆ. ಅಲ್ಲಿನ ಗೋಡೆಗಳಲ್ಲಿ ಬಂಗಾರದ ಹಿನ್ನೆಲೆ, ಗಾಜಿನ ಚೂರುಗಳು, ನದಿ, ಎತ್ತರದ ಮರಗಳು, ಮನೆಗಳು ಇವೆ. ಮನುಷ್ಯರೂ ಇಲ್ಲ, ಪ್ರಾಣಿಗಳೂ ಇಲ್ಲ. ಜೆರುಸಲೇಮಿನ ಪವಿತ್ರ ಇಸ್ಲಾಮಿಕ್ ಕಟ್ಟಡ ಡೋಮ್ ಆಫ್ ದ ರಾಕ್‌ನಲ್ಲೂ ಹಾಗೇ, ಬಳ್ಳಿ, ಖರ್ಜೂರದ ಮರ, ಹೂದಾನಿ, ಒಡವೆ ಅಷ್ಟೇ. ಅರಮನೆಯಲ್ಲಿ ಸಿಂಹಕ್ಕೆ ಜಾಗ ಇತ್ತು, ಪ್ರಾರ್ಥನೆಯ ಗೋಡೆಯಲ್ಲಿ ಇರಲಿಲ್ಲ. ನನ್ನ ಸಾಲು ಈ ವ್ಯತ್ಯಾಸವನ್ನೇ ಅಳಿಸಿಬಿಟ್ಟಿತ್ತು ಅಲ್ವಾ, ಅದಕ್ಕೇ ಇಷ್ಟು ಬರೆದೆ.

ಹಳೆಯ ಪೋಸ್ಟ್ ತೆಗೆದಿದ್ದೇನೆ. ನಿಮ್ಮ ಗ್ರೂಪಿಗೆ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿಯಾಗಿದ್ದರೆ ಕೆಳಗೆ 'ಜೆರಿಕೊ, ಅರಮನೆಯ ನೆಲ' ಅಂತ ಒಂದು ಸಾಲು ಸೇರಿಸಿ.