ಹತ್ತು ಸಾವಿರ ಹೆಜ್ಜೆ: ಪೋಷಕರಿಗೊಂದು ಸ್ಪಷ್ಟನೆ

‘ತೂಕ ಹೆಚ್ಚಿರುವ ಮಗು ದಿನಕ್ಕೆ 10,000 ಹೆಜ್ಜೆ ನಡೆಯದಿದ್ದರೆ ಅದು ಸೋಮಾರಿತನ’ ಎಂಬ ಸಂದೇಶ ಹಾಸನದ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಆ ಸಂಖ್ಯೆ ಜನಪ್ರಿಯವಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆಮಾಪಕದ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರಿನಿಂದ. 5ರಿಂದ 17 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೆಜ್ಜೆಯ ಲೆಕ್ಕವನ್ನಲ್ಲ, ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವಂಥ ಚಟುವಟಿಕೆಯನ್ನು.

ಹೆಜ್ಜೆ ಎಣಿಸುವ ಯಂತ್ರವೂ ತಪ್ಪಬಹುದು. ಸೊಂಟಕ್ಕೆ ಸಿಕ್ಕಿಸುವ ಸ್ಪ್ರಿಂಗ್ ಹೆಜ್ಜೆಮಾಪಕ ನೆಟ್ಟಗೆ ನಿಂತಿರಬೇಕು. ಹೊಟ್ಟೆ ಮುಂದೆ ಬಂದಿದ್ದರೆ ಅದು ವಾಲಿ, ನಿಜವಾಗಿ ನಡೆದ ಹೆಜ್ಜೆಗಳನ್ನೇ ಬಿಟ್ಟುಬಿಡಬಹುದು. ನಿಧಾನ ನಡಿಗೆಯಲ್ಲಂತೂ ಇನ್ನೂ ಹೆಚ್ಚು. ಸೈಕಲ್ ತುಳಿದದ್ದು, ಈಜಿದ್ದು ಅದರ ಲೆಕ್ಕಕ್ಕೇ ಬರುವುದಿಲ್ಲ. ಮಹಾರಾಜ ಪಾರ್ಕಿನಲ್ಲಿ ಓಡಾಡಿ ದಣಿದು ಬಂದ ಮಗುವನ್ನು ಯಂತ್ರದ ತಪ್ಪಿಗಾಗಿ ಗದರುವುದು ಅನ್ಯಾಯ. ಗದರುವ ಮೊದಲು ಮಗುವಿನೊಡನೆ ಇಪ್ಪತ್ತು ಹೆಜ್ಜೆ ನಡೆದು, ಎಣಿಸಿ, ಮಾಪಕ ಎಷ್ಟು ತೋರಿಸಿದೆ ನೋಡಿ.