ಜನರಲ್ ಫ್ರಾಂಕೊಗೆ ವಿಧಿಸಿದ ಘೋರ ಶಿಕ್ಷೆ

ಹಿಟ್ಲರ್ ಮತ್ತು ಮುಸೊಲಿನಿಯ ನೆರವಿನಿಂದ ಗದ್ದುಗೆ ಹಿಡಿದ ಸ್ಪೇನಿನ ಜನರಲ್ ಫ್ರಾಂಕೊ, ಆ ಇಬ್ಬರೂ ಮಣ್ಣುಪಾಲಾದ ಮೇಲೂ ಮ್ಯಾಡ್ರಿಡ್‌ನಲ್ಲಿ ಕ್ಷೇಮವಾಗಿಯೇ ಇದ್ದದ್ದು ಮಹಾಯುದ್ಧ ಗೆದ್ದವರಿಗೆ ಮುಜುಗರದ ಸಂಗತಿಯಾಗಿತ್ತು. 1946ರ ಮಾರ್ಚ್‌ನಲ್ಲಿ ಅಮೆರಿಕ, ಬ್ರಿಟನ್ ಮತ್ತು ಫ್ರಾನ್ಸ್ ಜಂಟಿ ಹೇಳಿಕೆ ಹೊರಡಿಸಿ, ಸ್ಪೇನಿನ ಒಳವಿಚಾರದಲ್ಲಿ ತಾವು ಕೈಹಾಕುವುದಿಲ್ಲವೆಂದೂ, ಫ್ರಾಂಕೊ ಶಾಂತಿಯುತವಾಗಿ ನಿರ್ಗಮಿಸುವ ದಾರಿಯನ್ನು ಅಲ್ಲಿನ ದೇಶಭಕ್ತರೇ ಹುಡುಕಿಕೊಳ್ಳಲಿ ಎಂದು ಹಾರೈಸುವುದಾಗಿಯೂ ತಿಳಿಸಿದವು. ಅಂಥ ದೇಶಭಕ್ತರಲ್ಲಿ ಬಹುಮಂದಿ ಸೆರೆಮನೆಯಲ್ಲೋ ಪರದೇಶದಲ್ಲೋ ಗೋರಿಯಲ್ಲೋ ಇದ್ದರೆಂಬ ಸಣ್ಣ ವಿವರಕ್ಕೆ ಹೇಳಿಕೆಯಲ್ಲಿ ಜಾಗವಿರಲಿಲ್ಲ.

ಏಪ್ರಿಲ್‌ನಲ್ಲಿ ಪೋಲೆಂಡ್ ಫ್ರಾಂಕೊ ವಿರುದ್ಧದ ದೂರನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬವರು ಎಲ್ಲೆಡೆ ಮಾಡುವುದನ್ನೇ ಮಂಡಳಿಯೂ ಮಾಡಿತು: ಐದು ದೇಶಗಳ ಉಪಸಮಿತಿಯೊಂದನ್ನು ನೇಮಿಸಿತು. ಫ್ರಾಂಕೊನ ಆಡಳಿತ ಹುಟ್ಟಿನಿಂದಲೂ ಸ್ವಭಾವದಿಂದಲೂ ಫ್ಯಾಸಿಸ್ಟ್ ಆಗಿದೆ, ಅದರಿಂದ ವಿಶ್ವಶಾಂತಿಗೆ ಮುಂದೆ ಅಪಾಯ ಒದಗಬಹುದು, ಆದರೆ ಸದ್ಯಕ್ಕೆ ಒದಗಿಲ್ಲ, ಆದ್ದರಿಂದ ಮಂಡಳಿಯೇ ನೇರವಾಗಿ ನಿರ್ಬಂಧ ಹೇರಲಾಗದು ಎಂದು ಉಪಸಮಿತಿ ಕಂಡುಕೊಂಡಿತು. ಅಪಾಯವು ಮುಂಚಿತವಾಗಿ ಅರ್ಜಿ ಹಾಕಿಕೊಂಡು ಬರುತ್ತದೆಂದು ಸದಸ್ಯರು ನಂಬಿದ್ದಿರಬೇಕು. ಸಂಬಂಧ ಕಡಿದುಕೊಳ್ಳುವ ವಿಚಾರವನ್ನು ಸಾಮಾನ್ಯ ಸಭೆಗೆ ಶಿಫಾರಸು ಮಾಡೋಣವೆಂದಾಗ, ಇಷ್ಟು ಶಿಕ್ಷೆ ಸಾಲದೆಂದು ಕೆರಳಿದ ಸೋವಿಯತ್ ಪ್ರತಿನಿಧಿ ಗ್ರೊಮಿಕೊ ವೀಟೊ ಚಲಾಯಿಸಿ, ಇದ್ದಷ್ಟು ಶಿಕ್ಷೆಯನ್ನೂ ಇಲ್ಲವಾಗಿಸಿದರು. ಮಂಡಳಿಯ ಮುಂದಿರುವ ವಿಷಯದ ಬಗ್ಗೆ ಸಾಮಾನ್ಯ ಸಭೆ ಶಿಫಾರಸು ಮಾಡುವಂತಿಲ್ಲವಾದ್ದರಿಂದ, ನವೆಂಬರ್‌ನಲ್ಲಿ ಮಂಡಳಿಯು ಸ್ಪೇನನ್ನು ತನ್ನ ಚರ್ಚಾವಿಷಯಗಳ ಪಟ್ಟಿಯಿಂದಲೇ ತೆಗೆದುಹಾಕಿತು.

ಕೊನೆಗೆ ಡಿಸೆಂಬರ್ 12ರಂದು ಸಾಮಾನ್ಯ ಸಭೆ 34 ಮತಗಳ ಬೆಂಬಲದಿಂದ ತನ್ನ ತೀರ್ಪು ಕೊಟ್ಟಿತು: ಸದಸ್ಯ ರಾಷ್ಟ್ರಗಳು ಮ್ಯಾಡ್ರಿಡ್‌ನಿಂದ ರಾಯಭಾರಿಗಳನ್ನು ವಾಪಸ್ ಕರೆಸಿಕೊಳ್ಳತಕ್ಕದ್ದು. ಅಮೆರಿಕದ ರಾಯಭಾರಿ ಹಿಂದಿನ ವರ್ಷವೇ ಹೊರಟುಹೋಗಿದ್ದರಿಂದ ಆ ದೇಶವು ನಿರ್ಣಯವನ್ನು ಕುರ್ಚಿಯಿಂದ ಏಳದೆಯೇ ಪಾಲಿಸಿತು. ರಾಯಭಾರ ಕಚೇರಿಗಳಿಗೆ ಬೀಗ ಬೀಳಲಿಲ್ಲ. ಕಿರಿಯ ಅಧಿಕಾರಿಗಳು ಅದೇ ಮೇಜಿನಲ್ಲಿ ಅದೇ ಕಡತಗಳನ್ನು ನೋಡಿಕೊಂಡರು, ಬ್ರಿಟನ್ನಿನ ವ್ಯಾಪಾರವೂ ನಿಲ್ಲಲಿಲ್ಲ. ಫ್ರಾಂಕೊ ಮಾತ್ರ ಮತದಾನಕ್ಕೆ ಮೂರು ದಿನ ಮುಂಚೆಯೇ ಅರಮನೆಯೆದುರಿನ ಚೌಕದಲ್ಲಿ ಭಾರೀ ಜನಸ್ತೋಮ ಸೇರಿಸಿ, ಪರದೇಶದವರು ಸ್ಪೇನಿನ ಮಾನಕ್ಕೆ ಕೈಹಾಕಿದ್ದಾರೆಂದು ಜೈಕಾರ ಹಾಕಿಸಿಕೊಂಡ. ಅರ್ಜೆಂಟೀನಾದ ಅಧ್ಯಕ್ಷ ಪೆರೋನ್ ಅಂತೂ ನಿರ್ಣಯ ಹೊರಬಿದ್ದ ಮೇಲೆ ಹೊಸ ರಾಯಭಾರಿಯನ್ನೂ ಜೊತೆಗೆ ಗೋಧಿಯನ್ನೂ ಕಳಿಸಿಕೊಟ್ಟ.

1950ರಲ್ಲಿ ಅದೇ ಸಭೆ ರಾಯಭಾರಿಗಳಿಗೆ ಮರಳಲು ಅನುಮತಿ ಕೊಟ್ಟಿತು. 1953ರಲ್ಲಿ ಅಮೆರಿಕವು ಸೇನಾನೆಲೆಗಳಿಗಾಗಿ ಫ್ರಾಂಕೊನೊಂದಿಗೆ ಒಪ್ಪಂದ ಮಾಡಿಕೊಂಡಿತು. 1955ರ ಡಿಸೆಂಬರ್‌ನಲ್ಲಿ 16 ದೇಶಗಳನ್ನು ಒಂದೇ ಕಂತೆಯಲ್ಲಿ ವಿಶ್ವಸಂಸ್ಥೆಗೆ ಸೇರಿಸಿಕೊಂಡಾಗ ಅದರಲ್ಲಿ ಸ್ಪೇನೂ ಇತ್ತು, ಸೋವಿಯತ್ ಬಣದ ಹಂಗೇರಿ, ರುಮೇನಿಯಾ, ಬಲ್ಗೇರಿಯಾ, ಅಲ್ಬೇನಿಯಾಗಳೂ ಇದ್ದವು. ಹಾಗಾಗಿ ಸ್ಪೇನಿನ ವಿಷಯದಲ್ಲಿ ಮಾಸ್ಕೋಗೆ ಅಂದು ವೀಟೊ ನೆನಪಾಗಲಿಲ್ಲ.