ಎತ್ತರ ಅಳೆದು ರೋಡ್ ಬೈಕ್ ಕೊಳ್ಳಬೇಡಿ
ರೋಡ್ ಬೈಕ್, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್, ಕೊಳ್ಳುವವರಿಗೆ ‘ಎತ್ತರಕ್ಕೆ ತಕ್ಕ ಸೈಜ್ ತಗೊಂಡರೆ ಸಾಕು’ ಅಂತ ಹೇಳೋದುಂಟಲ್ಲ, ಅದು ಅರ್ಧ ಸತ್ಯ. ಒಂದು ಕಂಪನಿಯ 54 ಸೈಜಿನ ಫ್ರೇಮ್ ಇನ್ನೊಂದರ 54ಕ್ಕೆ ಸಮ ಇರಲ್ಲ. ಕಂಪನಿ ಕೊಡುವ ಫ್ರೇಮ್ ಅಳತೆಗಳ (ಜಿಯೋಮೆಟ್ರಿ) ಪಟ್ಟಿಯಲ್ಲಿ ಸ್ಟ್ಯಾಕ್ (ಪೆಡಲ್ ತಿರುಗುವ ಅಚ್ಚಿನಿಂದ ಫ್ರೇಮಿನ ಮುಂತುದಿ ಎಷ್ಟು ಎತ್ತರ), ರೀಚ್ (ಎಷ್ಟು ಮುಂದೆ) ಹೋಲಿಸಿ. ಸೀಟು ಏರಿಸಿ ಇಳಿಸಬಹುದು, ಆದರೆ ಹ್ಯಾಂಡಲ್ ದೂರವಾದರೆ ಅದನ್ನು ಹಿಡಿದಿಡುವ ತುಂಡು (ಸ್ಟೆಮ್) ಬದಲಿಸಿ ಒಂದೆರಡು ಸೆಂಟಿಮೀಟರ್ ಹತ್ತಿರ ತರಬಹುದು, ಅಷ್ಟೇ. ಸೀಟನ್ನೇ ಮುಂದಕ್ಕೆ ತಳ್ಳಿದರೆ ಭಾರವೆಲ್ಲ ಅಂಗೈ ಮೇಲೆ, ಬೆರಳು ಜೋಮು. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ಚಿಕ್ಕದೇ ವಾಸಿ.

ಇನ್ನು ಅಗ್ಗದ ಬೈಕಲ್ಲಿ ಗೇರ್ ಎಷ್ಟು ಅನ್ನೋದಕ್ಕಿಂತ ಹಿಂದಿನ ಹಬ್ (ಚಕ್ರದ ನಡುವಿನ ಗುಂಬ) ಯಾವುದು ಅಂತ ಕೇಳಿ. 7 ಸ್ಪೀಡ್ ಫ್ರೀವೀಲ್ (ಹಲ್ಲುಚಕ್ರಗಳ ಗುಚ್ಛವನ್ನು ಹಬ್‌ಗೆ ತಿರುಪಿ ಕೂರಿಸುವ ಬಗೆ) ಆದರೆ ಬೇರಿಂಗ್‌ನಿಂದ ಆಚೆ ಚಾಚಿದ ಆಕ್ಸಲ್ (ಚಕ್ರದ ಅಚ್ಚು) ನಮ್ಮ ಹಂಪು, ಗುಂಡಿಗಳಿಗೆ ಬಾಗುತ್ತೆ, ಕೆಲವೊಮ್ಮೆ ಮುರಿಯುತ್ತೆ. ಕ್ಯಾಸೆಟ್ ಹಬ್‌ನಲ್ಲಿ ಬೇರಿಂಗ್ ಆಕ್ಸಲ್ ತುದಿಗೆ ಹತ್ತಿರ ಇರೋದರಿಂದ ಆ ಕಾಟ ಕಡಿಮೆ. ನಂದಿಬೆಟ್ಟ ಹತ್ತುವ ಆಸೆಯಿದ್ದರೆ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34, ಹಿಂದಿನ ದೊಡ್ಡದಕ್ಕೆ 32 ಹಲ್ಲು ಇರಲಿ.